ಬಿತ್ತುವವನ ಸಾಮ್ಯವೂ ಕಡಲೆಕಾಯಿ ಹೊಲವೂ

ದೇವರ ವಾಕ್ಯವನ್ನು ಮನಸ್ಸಿಗೆ ತೆಗೆದುಕೊಳ್ಳುವುದು ಹೇಗೆ ಎಂದು ಕೇಳಿದರೆ ಚರ್ಚುಗಳಲ್ಲಿ ಸಾಮಾನ್ಯವಾಗಿ ಬಿತ್ತುವವನ ಸಾಮ್ಯವನ್ನು ತೋರಿಸುತ್ತಾರೆ. ಮತ್ತಾಯ 13, ಮಾರ್ಕ 4, ಲೂಕ 8, ಮೂರರಲ್ಲೂ ಅದು ಇದೆ. ಬೀಜ ಎಂದರೆ ವಾಕ್ಯ, ನೆಲ ಎಂದರೆ ಕೇಳುವವರು: ದಾರಿಯ ಮಗ್ಗುಲು, ಬಂಡೆ, ಮುಳ್ಳು, ಒಳ್ಳೆಯ ನೆಲ. ಪ್ರಸಂಗಗಳಲ್ಲಿ ಇದು ಬಹುಬೇಗ ಜನರನ್ನು ನಾಲ್ಕು ಜಾತಿ ಮಾಡುವ ಕಥೆಯಾಗಿಬಿಡುತ್ತದೆ. ವಾರವಿಡೀ ಕೂಲಿ ಮಾಡಿ ಭಾನುವಾರದ ಆರಾಧನೆಯಲ್ಲಿ ತೂಕಡಿಸುವ ಹೆಂಗಸು ಬಂಡೆಯ ಪಾಲಿಗೆ ಬೀಳುತ್ತಾಳೆ. ಈ ಓದು ನನಗೆ ಒಪ್ಪಿಗೆಯಿಲ್ಲ. ಕಾರಣ ದೇವತಾಶಾಸ್ತ್ರಕ್ಕಿಂತ ಹೆಚ್ಚಾಗಿ ಬೇಸಾಯದಲ್ಲಿದೆ.

ಮಧುಗಿರಿ, ಶಿರಾ, ಪಾವಗಡದ ಮಳೆ ನಂಬಿದ ಹೊಲದಲ್ಲಿ ನಿಂತು ಈ ಕಥೆ ಕೇಳಿದರೆ ಮೊದಲು ಬರುವುದು ನಗು. ಇಲ್ಲಿ ಉತ್ತು, ಕುಂಟೆ ಹೊಡೆದು, ಆಮೇಲೆ ಕೂರಿಗೆಯಲ್ಲೋ ನೇಗಿಲ ಸಾಲಿನಲ್ಲೋ ಕಾಳು ಬಿಡುತ್ತಾರೆ. ದಾರಿಗೂ ಬಂಡೆಗೂ ಬೀಜ ಎರಚುವವನು ದಡ್ಡನಿರಬೇಕು, ಇಲ್ಲವೇ ಲೆಕ್ಕವಿಡದ ಧಾರಾಳಿ. (ಪ್ಯಾಲೆಸ್ಟೈನಿನಲ್ಲಿ ಮೊದಲು ಬಿತ್ತಿ ಆಮೇಲೆ ಉಳುತ್ತಿದ್ದರು ಎಂದು ಯೋಆಖಿಮ್ ಯೆರೆಮಿಯಾಸ್ ವಾದಿಸಿದರು, ಎಲ್ಲ ವಿದ್ವಾಂಸರೂ ಒಪ್ಪಿಲ್ಲ.) ನೂರರಷ್ಟು ಫಲದ ಮಾತೂ ಇಲ್ಲಿ ಬೇರೆಯಾಗಿ ಕೇಳಿಸುತ್ತದೆ. ಎಕರೆಗೆ 5 ಕಿಲೋ ರಾಗಿ ಬಿತ್ತಿ 5 ಕ್ವಿಂಟಾಲ್ ಬೆಳೆದರೆ ಲೆಕ್ಕ ನೂರಕ್ಕೆ ಮುಟ್ಟಿತು, ಅದರಲ್ಲಿ ಪವಾಡವೇನಿಲ್ಲ. ಕಡಲೆಕಾಯಿಗೆ ಎಕರೆಗೆ 40 ಕಿಲೋ ಮೀರಿ ಬೀಜ ಬೇಕು. ಹತ್ತರಷ್ಟು ಬಂದರೆ ದೊಡ್ಡದು. ರಾಗಿ ಹೊಲದಲ್ಲಿ ಸಹಜವಾದ ಸಂಖ್ಯೆ ಪಕ್ಕದ ಕಡಲೆಕಾಯಿ ಹೊಲದಲ್ಲಿ ಅಸಾಧ್ಯ.

ಆದರೆ ನನ್ನ ಮುಖ್ಯ ತಕರಾರು 'ಒಳ್ಳೆಯ ನೆಲ' ಎಂಬ ಮಾತಿನ ಬಗ್ಗೆ. ಬಿತ್ತುವ ಮುಂಚೆ ಈ ಸೀಮೆಯ ರೈತರು ಕೇಳುವುದು ಹದ ಬಂದಿದೆಯೇ ಎಂದು. ಹದ ಬಂದು ಹೋಗುವಂಥದು. ಮಳೆಯಾದ ಮೇಲೆ ಕೆಲವು ದಿನ ಇದ್ದು ಬಿಸಿಲಿಗೆ ಆರುತ್ತದೆ. ಜಯಮಂಗಲಿ ಹರಿಯುವ ಕೊರಟಗೆರೆಯ ಹೊಲಕ್ಕೂ ಅದು ತಪ್ಪಿದ್ದಲ್ಲ. ಕಲ್ಲನ್ನೂ ಒಂದು ಸಲ ಆಯ್ದರೆ ಮುಗಿಯುವುದಿಲ್ಲ, ಉತ್ತಾಗಲೆಲ್ಲ ಮೇಲೆ ಬರುತ್ತದೆ. ಅದನ್ನು ಆಯುವವಳು, ಮೇಲೆ ಹೇಳಿದೆನಲ್ಲ, ಆ ತೂಕಡಿಸುವ ಹೆಂಗಸೇ.

ಇದು ನಾನು ಹೊರಗಿನಿಂದ ಹೇರಿದ ಅರ್ಥವಲ್ಲ. ಮತ್ತಾಯ, ಮಾರ್ಕರಲ್ಲಿ ಬಂಡೆಯ ಮೇಲಿನ ಪೈರು ಒಣಗುವುದು ಬೇರಿಲ್ಲದೆ, ಲೂಕನಲ್ಲಿ ತೇವವಿಲ್ಲದೆ. ಒಳ್ಳೆಯ ನೆಲದ ಫಲಕ್ಕೆ ತಾಳ್ಮೆಯ ಮಾತು ಸೇರಿಸುವವನೂ ಲೂಕನೊಬ್ಬನೇ. ಅವನನ್ನು ಮುಂದಿಟ್ಟು ಓದಿದರೆ ನಾಲ್ಕು ನೆಲಗಳೂ ಒಬ್ಬಳದೇ ದಿನದ ಹೊತ್ತುಗಳಾಗುತ್ತವೆ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗ ದಾರಿ, ಸಂಘದ ಸಾಲದ ಕಂತು ನೆನಪಾದಾಗ ಮುಳ್ಳು, ರಾತ್ರಿ ಮನೆ ಪ್ರಾರ್ಥನೆಯಲ್ಲಿ ಮಗಳು ತಡವರಿಸುತ್ತ ಸತ್ಯವೇದ ಓದುವಾಗ ಒಂದಿಷ್ಟು ಹದ.

1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತಂದದ್ದೂ ಇಂಥದೇ ಬಯಲುಸೀಮೆಯಲ್ಲಿ. ಅನುವಾದದಲ್ಲಿ 'ಹದ' ಬರಬೇಕಿತ್ತು ಎನ್ನಲಾರೆ, ಗ್ರೀಕ್ ಮೂಲ 'ಒಳ್ಳೆಯ' ಎಂದೇ ಹೇಳುತ್ತದೆ. ಪ್ರಸಂಗ ಮಾಡುವವರಿಗೆ ಆ ಕಟ್ಟುಪಾಡಿಲ್ಲ. ಮುಂಗಾರಿನ ಹದಮಳೆಯಾದ ಭಾನುವಾರ ಅವರು ಇದನ್ನೇ ಓದಿಸಿ ನೋಡಬಹುದು. ಅರ್ಧ ಸಭೆ ಬಂದಿಲ್ಲವಾದರೆ ಬೇಸರ ಬೇಡ, ಬಿತ್ತನೆಗೆ ಹೋಗಿರುತ್ತಾರೆ.