ಕುಸಿದ ಬೋಧಕನಿಗೆ ಸ್ಪರ್ಜನ್ ಹೇಳಿದ್ದು, ಹೇಳದೆ ಬಿಟ್ಟದ್ದು

ಲಂಡನ್ನಿನ ಬ್ಯಾಪ್ಟಿಸ್ಟ್ ಬೋಧಕ ಚಾರ್ಲ್ಸ್ ಸ್ಪರ್ಜನ್ (1834–1892) ತಾನು ಕಟ್ಟಿದ ಪಾಸ್ಟರ್ಸ್ ಕಾಲೇಜಿನ ವಿದ್ಯಾರ್ಥಿಗಳಿಗೆ ಶುಕ್ರವಾರ ಮಧ್ಯಾಹ್ನ ಉಪನ್ಯಾಸ ಕೊಡುತ್ತಿದ್ದ. ವಾರದ ಓದಿನಿಂದ ಬಸವಳಿದವರೆದುರು ನಗೆಚಾಟಿಕೆ ಬೆರೆಸಿ ಆಡಿದ ಆ ಮಾತುಗಳು 1875ರಲ್ಲಿ ‘ಲೆಕ್ಚರ್ಸ್ ಟು ಮೈ ಸ್ಟೂಡೆಂಟ್ಸ್’ ಎಂಬ ಪುಸ್ತಕವಾದವು. ದನಿ ಹೇಗಿರಬೇಕು, ಪ್ರಸಂಗಕ್ಕೆ ವಚನ ಹೇಗೆ ಆರಿಸಬೇಕು ಎಂಬ ಅಧ್ಯಾಯಗಳಿಗೆ ಈಗ ವಯಸ್ಸಾಗಿದೆ. ‘ದ ಮಿನಿಸ್ಟರ್ಸ್ ಫೇಂಟಿಂಗ್ ಫಿಟ್ಸ್’ ಎಂಬ ಅಧ್ಯಾಯಕ್ಕೆ ಮಾತ್ರ ಆಗಿಲ್ಲ. ಸೇವೆಯಲ್ಲಿರುವವರ ಎದೆಗುಂದುವಿಕೆಯ ಬಗ್ಗೆ ಇಷ್ಟು ಬಿಚ್ಚುಮನಸ್ಸಿನಿಂದ ಬರೆದವರು ಕಡಿಮೆ.

ಹೀಗೆ ಮಾತಾಡುವ ಹಕ್ಕು ಅವನಿಗಿತ್ತು. 1856ರ ಅಕ್ಟೋಬರ್ 19ರ ರಾತ್ರಿ ಸರ್ರೆ ಗಾರ್ಡನ್ಸ್ ಮ್ಯೂಸಿಕ್ ಹಾಲ್‌ನಲ್ಲಿ ಸಾವಿರಾರು ಜನ ಕಿಕ್ಕಿರಿದು ಕೂತಿದ್ದಾಗ ಯಾರೋ ‘ಬೆಂಕಿ’ ಎಂದು ಕೂಗಿದರು. ಬೆಂಕಿ ಇರಲಿಲ್ಲ. ಕಾಲ್ತುಳಿತದಲ್ಲಿ ಏಳು ಜನ ಸತ್ತರು. ಬೋಧಕನಿಗೆ ಆಗ 22 ವರ್ಷ. ಅವಳಿ ಮಕ್ಕಳು ಹುಟ್ಟಿ ಒಂದು ತಿಂಗಳಾಗಿತ್ತಷ್ಟೆ. ಪತ್ರಿಕೆಗಳು ಅವನ ಮೇಲೆಯೇ ಹರಿಹಾಯ್ದವು. ಆ ಗದ್ದಲ, ಆ ಸಾವುಗಳು ಹಗಲಿರುಳು ಕಣ್ಣಮುಂದೆ ಬಂದು ಬದುಕೇ ಭಾರವಾಗಿತ್ತೆಂದು ಈ ಉಪನ್ಯಾಸದಲ್ಲಿ ಅವನೇ ಹೇಳಿಕೊಳ್ಳುತ್ತಾನೆ. ವಿಕ್ಟೋರಿಯಾ ಕಾಲದ ಜನಪ್ರಿಯ ಬೋಧಕನೊಬ್ಬ ಮುಂದೆ ಬೋಧಕರಾಗಲಿರುವ ಹುಡುಗರೆದುರು ಹೀಗೆ ಹೇಳಿದ್ದು ಸಣ್ಣ ಮಾತಲ್ಲ.

ಕುಸಿತಕ್ಕೆ ಅವನು ಮೊದಲು ದೇಹದಲ್ಲಿ ಕಾರಣ ಹುಡುಕುತ್ತಾನೆ, ನಂಬಿಕೆಯಲ್ಲಿ ಅಲ್ಲ. ಇದೇ ಈ ಅಧ್ಯಾಯದ ದೊಡ್ಡ ಗುಣ. ಗಾಳಿಯಾಡದ ಕೋಣೆಯಲ್ಲಿ ಪುಸ್ತಕದ ಮೇಲೆ ಬಾಗಿ ಕೂತವನಿಗೆ ಮನಸ್ಸು ಮಂಕಾದರೆ ಅದರಲ್ಲಿ ಆಶ್ಚರ್ಯವೇನು ಎಂದು ಕೇಳುತ್ತಾನೆ. ಬೆಟ್ಟ ಹತ್ತಿ, ಕಡಲಿನ ಗಾಳಿಗೆ ಮುಖ ಒಡ್ಡಿ ಅನ್ನುತ್ತಾನೆ. ಗೆಲುವಿನ ಬೆನ್ನಿಗೇ ಕುಸಿತ ಬರುತ್ತದೆ, ಕಾರಣವೇ ಇಲ್ಲದೆಯೂ ಬರುತ್ತದೆ, ಅಂಥದ್ದರೊಂದಿಗೆ ವಾದಿಸಿ ಗೆಲ್ಲಲಾಗದು ಎಂದೂ ಒಪ್ಪುತ್ತಾನೆ. ಈ ಕೊನೆಯ ಮಾತೊಂದಕ್ಕೇ ಪುಸ್ತಕದ ಬೆಲೆ ಸಂದಿತು. ‘ಪ್ರಾರ್ಥನೆ ಕಡಿಮೆಯಾಗಿರಬೇಕು ಅಯ್ಯನವರೇ’ ಎಂದು ಕೇಳಿಸಿಕೊಂಡವರಿಗೆ ಅದರ ಬೆಲೆ ಗೊತ್ತು.

ಆದರೆ ಒಂದು ಕಡೆ ಸ್ಪರ್ಜನ್ ಜಾರುತ್ತಾನೆ. ದೇವರು ತನ್ನ ಸೇವೆಗೆ ದೊಡ್ಡ ಆಶೀರ್ವಾದ ಕೊಡುವ ಮುನ್ನವೆಲ್ಲ ತನಗೆ ಈ ಕತ್ತಲು ಕವಿದಿದೆ ಅನ್ನುತ್ತಾನೆ. ಐದಾರು ಸಾವಿರ ಜನ ಹಿಡಿಯುತ್ತಿದ್ದ ಮೆಟ್ರೊಪಾಲಿಟನ್ ಟ್ಯಾಬರ್ನೇಕಲ್‌ನ ಬೋಧಕನ ಮಟ್ಟಿಗೆ ಅದು ನಿಜವೇ ಇರಬಹುದು. ಹತ್ತು ವರ್ಷ ದುಡಿದರೂ ಹತ್ತೇ ಮನೆಯ ಸಭೆ ಹತ್ತೇ ಮನೆಯಾಗಿ ಉಳಿದವನು ಏನು ಮಾಡಬೇಕು? ಕತ್ತಲಿನ ಆಚೆಗೆ ಆಶೀರ್ವಾದ ಕಾಣದಿದ್ದರೆ, ಇದ್ದ ದುಃಖದ ಜೊತೆಗೆ ತಪ್ಪಿತಸ್ಥನ ಭಾವವೂ ಸೇರಿಕೊಳ್ಳುತ್ತದೆ.

ಕರ್ಮೆಲ್ ಬೆಟ್ಟದ ಗೆಲುವಿನ ನಂತರ ಕುಸಿದ ಪ್ರವಾದಿ ಎಲೀಯನ ಉದಾಹರಣೆಯನ್ನೂ ಅವನು ಕೊಡುತ್ತಾನೆ. ಆ ಕತೆ ಮುಂದೆ ಹೋಗುವ ದಾರಿ ಸೇವಕರಿಗೆ ಇನ್ನೂ ಮುಖ್ಯವಾದದ್ದು. ಸಾಯಲು ಬಯಸಿ ಗಿಡದ ಕೆಳಗೆ ಮಲಗಿದವನಿಗೆ ದೇವದೂತ ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಡುತ್ತಾನೆ. ಆಮೇಲೆ ದೇವರು ಎಲೀಷನನ್ನು ತೋರಿಸುತ್ತಾನೆ. ಊಟ, ನಿದ್ದೆ, ಜೊತೆಗೊಬ್ಬ ಮನುಷ್ಯ. ಸ್ಪರ್ಜನ್‌ಗೂ ಇವು ಸಿಕ್ಕವು: 1868ರಲ್ಲಿ ತಮ್ಮ ಜೇಮ್ಸ್ ಸಹಪಾಲಕನಾದ; ಮುಂದೆ ಚಳಿಗಾಲದಲ್ಲಿ ಫ್ರಾನ್ಸಿನ ಕಡಲತೀರದ ಮೆಂಟನ್‌ಗೆ ಹೋಗಿ ಸುಧಾರಿಸಿಕೊಳ್ಳುವುದು ರೂಢಿಯಾಯಿತು. ಮೆಂಟನ್‌ಗೆ ಹೋಗಲಾರದವನ ಬಿಡುವಿನ ಖರ್ಚು ಯಾರು ಹೊರಬೇಕು, ಅವನ ಬದಲಿಗೆ ಪೀಠದಲ್ಲಿ ಯಾರು ನಿಲ್ಲಬೇಕು ಎಂಬ ಪ್ರಶ್ನೆಗೆ ಉಪನ್ಯಾಸದಲ್ಲಿ ಜಾಗವಿಲ್ಲ. ರೋಗಿ ಬೋಧಕ, ಮದ್ದೂ ಅವನೇ ಹುಡುಕಿಕೊಳ್ಳಬೇಕು; ಆ ಮದ್ದಿನಲ್ಲಿ ಸಭೆಗೆ ಪಾತ್ರವೇ ಇಲ್ಲ.

ಉತ್ತರ ಅವನ ಮನೆಯೊಳಗೇ ಇತ್ತು. ಕಾಯಿಲೆಯಿಂದ ಹೆಚ್ಚಾಗಿ ಮನೆಯಲ್ಲೇ ಇರುತ್ತಿದ್ದ ಹೆಂಡತಿ ಸುಸಾನಾ ಈ ಪುಸ್ತಕದ ಕರಡನ್ನು ಓದಿ, ಇದು ಇಂಗ್ಲೆಂಡಿನ ಪ್ರತಿ ಬೋಧಕನಿಗೂ ಸಿಗಬೇಕೆಂದಳು. ‘ಹಾಗಾದರೆ ನೀನೆಷ್ಟು ಕೊಡುತ್ತೀ’ ಎಂದು ಗಂಡ ಕೇಳಿದ. ಅವಳು ಕೂಡಿಟ್ಟ ಹಣ ನೂರು ಪ್ರತಿಗಳಿಗೆ ಸಾಕಾಯಿತು. ಅಲ್ಲಿಂದ ಶುರುವಾದ, ಬೋಧಕರಿಗೆ ಪುಸ್ತಕ ಕಳಿಸುವ ಬುಕ್ ಫಂಡ್‌ಗೆ ಬಂದ ಕಾಗದಗಳಲ್ಲಿ ಒಂದು ಪುಸ್ತಕವನ್ನೂ ಕೊಳ್ಳಲಾಗದ ಬೋಧಕರ ಬಡತನ ಬಯಲಾಯಿತು. ಮುಂದೆ ಪುಸ್ತಕದ ಜೊತೆಗೆ ಹಣ, ಬಟ್ಟೆಯೂ ಹೋಗತೊಡಗಿದವು. ಗಂಡ ಮನೋಭಾರ ಎಂದು ವರ್ಣಿಸಿದ್ದರ ಹಿಂದೆ ಎಷ್ಟೋ ಮನೆಗಳಲ್ಲಿ ಸಾಕಾಗದ ಸಂಬಳ ಇತ್ತೆಂಬುದು ಹೆಂಡತಿಯ ಟಪಾಲಿನಲ್ಲಿ ಕಾಣುತ್ತದೆ. ಆ ಅನುಭವವನ್ನು ಅವಳು 1886ರಲ್ಲಿ ಪುಸ್ತಕವಾಗಿಯೂ ತಂದಳು. ಗಂಡನ ಉಪನ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಗೊತ್ತಿಲ್ಲ.

ನಮ್ಮಲ್ಲೂ ಭಾನುವಾರ ಎರಡು ಮೂರು ಊರುಗಳ ಆರಾಧನೆ ಮುಗಿಸಿ ಬರುವ ಅಯ್ಯನವರಿದ್ದಾರೆ. ಕಾಣಿಕೆ ಬಂದರೆ ಮನೆ ಬಾಡಿಗೆ ಎಂಬಂತೆ ಬದುಕುವ ಪಾಸ್ಟರುಗಳಿದ್ದಾರೆ. ಅವರ ಕೈಗೆ ಸ್ಪರ್ಜನ್ ಪುಸ್ತಕ ಕೊಟ್ಟು ‘ಧೈರ್ಯವಾಗಿರಿ’ ಅಂದರೆ ಕೆಲಸ ಮುಗಿಯದು. ಈ ಅಧ್ಯಾಯವನ್ನು ಪಾಸ್ಟೊರೇಟ್ ಕಮಿಟಿಯವರು ಮೊದಲು ಓದಲಿ. ಓದಿದ ಮೇಲೆ ತಮ್ಮ ಅಯ್ಯನವರಿಗೆ ವಾರದಲ್ಲಿ ಒಂದು ದಿನ ರಜೆ ಇದೆಯೇ, ಹೋದ ತಿಂಗಳ ಸಂಬಳ ಮುಟ್ಟಿದೆಯೇ ಎಂದು ಖಜಾಂಚಿಯನ್ನು ಕೇಳಲಿ.