ಬರ್ಗಮಟ್ ಬೆರೆತ ಚಹಾ

ಅರ್ಲ್ ಗ್ರೇ ಚಹಾದ ಡಬ್ಬಿ ತೆರೆದೊಡನೆ ಮೂಗಿಗೆ ಬಡಿಯುವ ಘಮವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸುಗಂಧವನ್ನು ಧಾರಾಳವಾಗಿ ಸುರಿದರೆ ಸಪ್ಪೆ ಎಲೆಯೂ ಡಬ್ಬಿಯಲ್ಲಿ ಮೆರೆಯುತ್ತದೆ. ಬಣ್ಣ ಬಯಲಾಗುವುದು ಬಿಸಿನೀರು ಬಿದ್ದ ಮೇಲೆ.

ಘಮ ಬರ್ಗಮಟ್ ಹಣ್ಣಿನದು. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾ ಕರಾವಳಿಯಲ್ಲಿ ಹೆಚ್ಚಾಗಿ ಬೆಳೆಯುವ ಈ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯನ್ನು ಹಿಂಡಿ ಎಣ್ಣೆ ತೆಗೆಯುತ್ತಾರೆ. ನಮ್ಮ ಹೇರಳೆಕಾಯಿ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಏಳುವ ವಾಸನೆಗೆ ಒಂದಿಷ್ಟು ಹೂವಿನ ಮೃದುತ್ವ ಸೇರಿಸಿಕೊಳ್ಳಿ, ಹತ್ತಿರ ಬಂದಂತೆ. ಆ ಮೃದುತ್ವ ಲಿನಾಲಿಲ್ ಅಸಿಟೇಟ್ ಎಂಬ ಸುಗಂಧ ಸಂಯುಕ್ತದ್ದು. ಲ್ಯಾವೆಂಡರ್ ಹೂವಿನಲ್ಲೂ ಅದೇ ಇದೆ. ಚಹಾಕ್ಕೆ ಈ ಹೆಸರು ಬಂದದ್ದು 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ರೇ ಅವರಿಂದ ಎನ್ನುತ್ತಾರೆ. ಚೀನಾದ ಅಧಿಕಾರಿಯೊಬ್ಬ ಅವರಿಗೆ ಇದರ ಗುಟ್ಟು ಕೊಟ್ಟನೆಂಬ ಕಥೆಗೆ ಆಧಾರವಿಲ್ಲ, ಕಥೆಯೇನೋ ಸೊಗಸಾಗಿದೆ.

ಪರೀಕ್ಷೆಗೆ ವೃತ್ತಿಪರ ರುಚಿಗಾರರ ಕ್ರಮವೇ ಸರಿ: 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಕುಡಿಯಲು ತೀರಾ ಕಡಕ್, ಆದರೆ ಹುಳುಕೆಲ್ಲ ಹೊರಬೀಳುತ್ತದೆ. ಸೊರ್ರೆಂದು ಗಾಳಿಯೊಡನೆ ಹೀರಬೇಕು. ಸುವಾಸನೆ ಗಂಟಲ ಹಿಂದಿನಿಂದ ಮೂಗಿಗೇರುವುದು ಹಾಗೆಯೇ. ಒಳ್ಳೆಯ ಮಿಶ್ರಣದಲ್ಲಿ ಹಣ್ಣು ಮೊದಲು ಸುಳಿದು ಸರಿದು ನಿಲ್ಲುತ್ತದೆ, ಆಮೇಲೆ ಎಲೆಯ ಚೊಗರು, ನುಂಗಿದ ಮೇಲೆ ಮತ್ತೆ ಹಣ್ಣು. ಕೆಟ್ಟದ್ದರಲ್ಲಿ ಆರಂಭದಿಂದ ಕೊನೆಯವರೆಗೂ ಸೋಪು. ಆರಲು ಬಿಟ್ಟರಂತೂ ಅದು ಇನ್ನಷ್ಟು ಸ್ಪಷ್ಟ.

ಹಾಲು? ಸ್ವಲ್ಪ ಹಾಕಿಕೊಳ್ಳುವವರ ಜೊತೆ ನನಗೆ ಜಗಳವಿಲ್ಲ, ತೀರ್ಪು ಕೊಟ್ಟಾದ ಮೇಲೆ ಹಾಕಿಕೊಳ್ಳಲಿ.