ಎದೆಮೂಳೆಯ ಅಡಿಯಿಂದ ಕಂಡ ಹೃದಯ

ಹೃದಯವನ್ನು ನೋಡುವುದಕ್ಕೆ ಹಲವು ದಾರಿಗಳಿವೆ. ಪಕ್ಕೆಲುಬುಗಳ ಸಂದಿಯಲ್ಲಿ ಇಣುಕಬಹುದು, ಎಡ ಮಗ್ಗುಲಿಗೆ ಮಲಗಿಸಿ ಹೃದಯದ ತುದಿಯಿಂದ ನೋಡಬಹುದು, ಅನ್ನನಾಳಕ್ಕೆ ಇಳಿದು ಬೆನ್ನ ಕಡೆಯಿಂದಲೂ ನೋಡಬಹುದು. ನನಗೆ ಮಾತ್ರ ಎದೆಮೂಳೆ ಮುಗಿದು ಹೊಟ್ಟೆ ಶುರುವಾಗುವ ಆ ಮೆತ್ತನೆಯ ತಗ್ಗಿನಿಂದ ಕಾಣುವ ನೋಟವೇ ಅಚ್ಚುಮೆಚ್ಚು. ಅಲ್ಲಿ ತಣ್ಣನೆಯ ಜೆಲ್ ಹಚ್ಚಿ, ಎಕೋ ಪ್ರೋಬನ್ನು ಹೆಚ್ಚುಕಡಿಮೆ ಮಲಗಿಸಿದಂತೆ ಹಿಡಿದು, ಅದರ ಮುಖವನ್ನು ಎಡ ಭುಜದತ್ತ ತಿರುಗಿಸಬೇಕು. ಪರದೆಯ ಮೇಲ್ಭಾಗದಲ್ಲಿ ಮೊದಲು ಲಿವರ್ ಬರುತ್ತದೆ: ನುಣುಪಾದ, ಸಣ್ಣ ಸಣ್ಣ ಕಾಳಿನ, ಒಂದೇ ಹದದಲ್ಲಿ ಹರಡಿಕೊಂಡ ಬೂದು ಬಣ್ಣ. ಅದರ ಕೆಳಗೆ ಬೆಳ್ಳಗೆ ಹೊಳೆಯುವ ಒಂದು ಗೆರೆ, ಹೃದಯವನ್ನು ಸುತ್ತಿದ ಚೀಲದ್ದು. ಆ ಗೆರೆ ದಾಟಿದರೆ ನಾಲ್ಕು ಕೋಣೆಗಳೂ ಒಟ್ಟಿಗೆ ಎದುರಾಗುತ್ತವೆ. ಇತ್ತ ತೆಳು ಗೋಡೆಯ, ನಾಜೂಕಾದ ಬಲ ಹೃತ್ಕುಕ್ಷಿ. ಅತ್ತ ದಪ್ಪ ಗೋಡೆಯ, ಗಟ್ಟಿಮುಟ್ಟಾದ ಎಡ ಹೃತ್ಕುಕ್ಷಿ. ಎರಡರ ಬುಡದಲ್ಲಿ ಕವಾಟಗಳ ಎಳೆಯ ಹಾಳೆಗಳು. ಆರೋಗ್ಯವಾದ ಹೃದಯದ ಎಡಗೋಡೆ ಪ್ರತಿ ಬಡಿತಕ್ಕೂ ಒಳಗೆ ಸರಿಯುತ್ತದೆ, ಸರಿಯುತ್ತಲೇ ದಪ್ಪವಾಗುತ್ತದೆ. ಹಾಗೆ ದಪ್ಪವಾಗುವ ಆ ಒಂದು ಚಣವನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಇದೆಲ್ಲ ಬರೀ ಸದ್ದಿನ ಕೆಲಸ. ಪ್ರೋಬಿನೊಳಗಿನ ಹರಳುಗಳು ಸೆಕೆಂಡಿಗೆ 20ರಿಂದ 40 ಲಕ್ಷ ಸಲ ಕಂಪಿಸುವ ಸದ್ದಿನ ಪುಟ್ಟ ತುಣುಕೊಂದನ್ನು ಒಳಗೆ ಕಳಿಸಿ, ಮಿಕ್ಕ ಹೊತ್ತೆಲ್ಲ ಅದರ ಮರುದನಿಗೆ ಕಿವಿಗೊಟ್ಟು ಕಾಯುತ್ತವೆ. ಮೈಯ ಮೆದು ಭಾಗಗಳಲ್ಲಿ ಸದ್ದು ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಹದಿನೈದು ಸೆಂಟಿಮೀಟರ್ ಆಳದ ಗೋಡೆಯನ್ನು ಮುಟ್ಟಿ ಮರಳಲು ಅದಕ್ಕೆ ಸೆಕೆಂಡಿನ 5000ದಲ್ಲಿ ಒಂದು ಪಾಲು ಸಾಕು.

ಇದೇ ನೋಟ ತನ್ನ ಪೂರ್ತಿ ಬೆಲೆಯನ್ನು ತೋರುವುದು ಹೃದಯ ಸ್ತಂಭನದ ಹೊತ್ತಿನಲ್ಲಿ. ನಾಡಿ ಸಿಗುತ್ತಿಲ್ಲ, ಉಸಿರಿಲ್ಲ, ಒಬ್ಬರು ಎದೆಯ ಮೇಲೆ ಎರಡೂ ಅಂಗೈ ಊರಿ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿದ್ದಾರೆ. ಎರಡು ನಿಮಿಷಕ್ಕೊಮ್ಮೆ ಅವರು ಕೈ ಎತ್ತಿ ಲಯವನ್ನೂ ನಾಡಿಯನ್ನೂ ನೋಡಬೇಕು. ಆ ಬಿಡುವು ಹತ್ತು ಸೆಕೆಂಡು ಮೀರಬಾರದು, ಏಕೆಂದರೆ ಒತ್ತುವುದು ನಿಂತರೆ ಮಿದುಳಿಗೂ ಹೃದಯಕ್ಕೂ ಹೋಗುವ ರಕ್ತವೂ ನಿಂತಂತೆ. ಎಕೋ ಮಾಡುವವರಿಗೆ ಸಿಗುವುದು ಅಷ್ಟೇ ಹೊತ್ತು. ಒತ್ತುವ ಕೈ ಎದೆಮೂಳೆಯ ಮೇಲೆ, ಪ್ರೋಬ್ ಅದರ ಕೆಳಗೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಅಡ್ಡ ಬಾರದು. ಇಲ್ಲಿ ಆ ತಗ್ಗೇ ಬೇಕು ಎನ್ನುವುದು ಇದಕ್ಕೇ.

ನುರಿತವರ ಕೈ ಕೆಲಸ ಮಾಡುವುದನ್ನು ನೀವು ನೋಡಬೇಕು. ಒತ್ತುವುದು ನಡೆದಿರುವಾಗಲೇ ಅವರು ಪ್ರೋಬನ್ನು ಊರಿ, ಕುಲುಕಾಡುವ ಪರದೆಯಲ್ಲೇ ಲಿವರಿನ ಅಂಚನ್ನು ಹಿಡಿದು, ಹೃದಯ ಎಲ್ಲಿ ಬರುತ್ತದೆಂದು ಅಂದಾಜು ಮಾಡಿಕೊಂಡಿರುತ್ತಾರೆ. ಕೈ ಎತ್ತಿದ್ದೇ ತಡ, ರೆಕಾರ್ಡಿಂಗ್ ಗುಂಡಿ ಒತ್ತುತ್ತಾರೆ. ಪಕ್ಕದಲ್ಲೊಬ್ಬರು ಗಟ್ಟಿಯಾಗಿ ಸೆಕೆಂಡು ಎಣಿಸುತ್ತಿರುತ್ತಾರೆ. ಮಣಿಕಟ್ಟು ಕೂದಲೆಳೆಯಷ್ಟು ವಾಲುತ್ತದೆ, ಕೋಣೆಗಳು ತೆರೆದುಕೊಳ್ಳುತ್ತವೆ, ಚಿತ್ರ ನಿಲ್ಲುತ್ತದೆ. ಎಣಿಕೆ ಮುಗಿಯುವ ಮೊದಲೇ ಒತ್ತುವ ಕೈ ಮತ್ತೆ ಎದೆಗೆ ಬಂದಿರುತ್ತದೆ. ಕಂಡದ್ದೇನೆಂಬ ಓದು ಆಮೇಲೆ, ಒತ್ತುವಿಕೆ ಸಾಗಿರುವಾಗ, ಉಳಿಸಿಕೊಂಡ ತುಣುಕನ್ನು ನಿಧಾನವಾಗಿ ಹಿಂದೆ ಮುಂದೆ ಓಡಿಸಿ. ನೋಡುವುದನ್ನೂ ಓದುವುದನ್ನೂ ಹೀಗೆ ಬೇರೆ ಮಾಡಿದ ಯೋಚನೆ ಎಷ್ಟು ಸರಳ, ಎಷ್ಟು ಚೊಕ್ಕ! ಅದು ತಿಳಿಯದೆ ಪರದೆಗೆ ಕಣ್ಣು ನೆಟ್ಟು ನಿಂತರೆ ಹೊತ್ತು ಜಾರುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎಕೋ ಬಳಸಿದಾಗ ಬಿಡುವು ಸರಾಸರಿ 21 ಸೆಕೆಂಡಿಗೆ ಹಿಗ್ಗಿತ್ತು, ಬಳಸದಾಗ 13. ಮರುವರ್ಷ ಬಂದ ‘ಕಾಸಾ’ ಎಂಬ ಕ್ರಮ ನನಗೆ ಬಲು ಇಷ್ಟ. ಒಂದು ಬಿಡುವಿಗೆ ಒಂದೇ ಪ್ರಶ್ನೆ ಎನ್ನುತ್ತದೆ ಅದು. ಮೊದಲ ಬಿಡುವಿನಲ್ಲಿ ಹೃದಯದ ಸುತ್ತ ನೀರೋ ರಕ್ತವೋ ತುಂಬಿದೆಯೇ, ಎರಡನೆಯದರಲ್ಲಿ ಬಲಭಾಗ ಉಬ್ಬಿದೆಯೇ, ಮೂರನೆಯದರಲ್ಲಿ ಸ್ನಾಯು ಅಲುಗುತ್ತಿದೆಯೇ. ಅವಸರದ ನಡುವೆ ಇಂಥ ಸಂಯಮ!

ಹೃದಯದ ಸುತ್ತ ತುಂಬಿಕೊಂಡದ್ದು ಪರದೆಯಲ್ಲಿ ಅಚ್ಚ ಕಪ್ಪಾಗಿ ಕಾಣುತ್ತದೆ, ಬೆಳ್ಳನೆಯ ಗೆರೆಗೂ ಸ್ನಾಯುವಿಗೂ ನಡುವೆ ಹರಿದ ಕಪ್ಪು ಪಟ್ಟಿ. ಅದು ಹೊರಗಿನಿಂದ ಅದುಮಿದರೆ ಹೃದಯದೊಳಕ್ಕೆ ರಕ್ತ ಬರಲು ಜಾಗವೇ ಇರುವುದಿಲ್ಲ. ಸೂಜಿ ಹಾಕಿ ಒಂದಿಷ್ಟು ತೆಗೆದರೆ ಕೆಲವೊಮ್ಮೆ ನಾಡಿ ಮರಳುತ್ತದೆ. ಹೃದಯದ ಮೇಲಿನ ಕೊಬ್ಬೂ ಹೀಗೇ ಕಪ್ಪಗೆ ತೋರಿ ಕಣ್ಣನ್ನು ಮೋಸಗೊಳಿಸುವುದುಂಟು. ಆದರೆ ಕೊಬ್ಬಿನೊಳಗೆ ನವುರಾದ ಬಿಳಿ ಕಾಳುಗಳು ಹರಡಿರುತ್ತವೆ, ನೀರಿನ ಕಪ್ಪು ನಿಚ್ಚಳ. ಈ ಎರಡು ಕಪ್ಪುಗಳ ವ್ಯತ್ಯಾಸ ಕಣ್ಣಿಗೆ ಹತ್ತುವ ದಿನದ ಖುಷಿಯನ್ನು ಯಾವ ಎಕೋ ವಿದ್ಯಾರ್ಥಿಯೂ ಮರೆಯಲಾರ.

ಬಲಭಾಗದ ಉಬ್ಬು ಇನ್ನೂ ಸೂಕ್ಷ್ಮ. ಶ್ವಾಸಕೋಶದ ರಕ್ತನಾಳಕ್ಕೆ ದೊಡ್ಡ ಹೆಪ್ಪು ಸಿಕ್ಕಿಕೊಂಡರೆ ಬಲ ಹೃತ್ಕುಕ್ಷಿ ಹಿಗ್ಗುತ್ತದೆ, ಹೆಪ್ಪು ಕರಗಿಸುವ ಮದ್ದು ಕೊಡೋಣವೇ ಎಂದು ವೈದ್ಯರು ಯೋಚಿಸುತ್ತಾರೆ. ಆದರೆ ಹೃದಯ ನಿಂತ ಕೆಲವೇ ನಿಮಿಷಗಳಲ್ಲಿ ರಕ್ತ ಅಪಧಮನಿಗಳಿಂದ ಅಭಿಧಮನಿಗಳ ಕಡೆ ಸರಿಯುವುದರಿಂದ, ಕಾರಣ ಯಾವುದೇ ಇರಲಿ, ಬಲಭಾಗ ತಾನಾಗಿ ಉಬ್ಬುತ್ತದೆ. ಡೆನ್ಮಾರ್ಕಿನ ಸಂಶೋಧಕರು ಹಂದಿಗಳಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಆದ್ದರಿಂದ ಒಳ್ಳೆಯ ಓದುಗ ಬಲಭಾಗದ ಗಾತ್ರವೊಂದನ್ನೇ ನಂಬುವುದಿಲ್ಲ. ರೋಗಿಯ ಕಾಲು ಊದಿತ್ತೇ, ಇತ್ತೀಚೆಗೆ ಆಪರೇಷನ್ ಆಗಿತ್ತೇ, ಏದುಸಿರು ಎಂದಿನಿಂದ ಎಂದು ಮನೆಯವರನ್ನು ಕೇಳಿ, ಚಿತ್ರವನ್ನು ಆ ಕಥೆಯೊಂದಿಗೆ ಜೋಡಿಸಿ ನೋಡುತ್ತಾನೆ.

ಇನ್ನು ಅಲುಗಾಟ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ವಿದ್ಯೆಯ ತಿರುಳೇ ಇಲ್ಲಿದೆ. ಮಾನಿಟರಿನಲ್ಲಿ ಇಸಿಜಿ ಅಲೆಗಳು ಓಡುತ್ತಿರುತ್ತವೆ, ಕತ್ತಿನಲ್ಲಿ ಬೆರಳಿಗೆ ನಾಡಿ ಸಿಗುವುದಿಲ್ಲ. ಎಕೋದಲ್ಲಿ ನೋಡಿದರೆ ಎಡ ಹೃತ್ಕುಕ್ಷಿಯ ಗೋಡೆ ಒಳಗೆ ಸರಿಯುತ್ತಿದೆ, ದುರ್ಬಲವಾಗಿ, ಆದರೂ ಲಯ ಬಿಡದೆ, ಮತ್ತೆ ಮತ್ತೆ. ಬೆರಳು ಸತ್ತಿದೆ ಎಂದ ಹೃದಯ ಇನ್ನೂ ದುಡಿಯುತ್ತಿದೆ! ಫ್ರಾಂಕ್‌ಫರ್ಟಿನ ರೌಲ್ ಬ್ರೈಟ್‌ಕ್ರೊಯಿಟ್ಸ್ ಮತ್ತು ಸಂಗಡಿಗರು ‘ಫೀಲ್’ ಎಂಬ ಕ್ರಮವನ್ನು ರೂಪಿಸಿ, ಆಸ್ಪತ್ರೆಯ ಹೊರಗೆ ಕುಸಿದ ರೋಗಿಗಳ ಬಳಿಗೇ ಯಂತ್ರ ಒಯ್ದು ನೋಡಿದರು. 2010ರಲ್ಲಿ ಅವರು ಪ್ರಕಟಿಸಿದ ಲೆಕ್ಕ ನನ್ನನ್ನು ಈಗಲೂ ಬೆರಗಾಗಿಸುತ್ತದೆ. ಇಸಿಜಿಯಲ್ಲಿ ಅಲೆಯಿದ್ದು ನಾಡಿಯಿಲ್ಲದವರಲ್ಲಿ ಶೇಕಡಾ 58 ಮಂದಿಯ ಹೃದಯ ಅಲುಗುತ್ತಿತ್ತು. ಗೆರೆ ನೆಟ್ಟಗಾಗಿದೆ ಎಂದುಕೊಂಡವರಲ್ಲೂ ಶೇಕಡಾ 35 ಮಂದಿಯದು ಅಲುಗುತ್ತಿತ್ತು.

ಯಾವುದನ್ನು ಅಲುಗಾಟವೆನ್ನಬೇಕು ಎಂಬುದರಲ್ಲೂ ನಯವಿದೆ. ಉಸಿರು ತುಂಬಿದಾಗ ಇಡೀ ಹೃದಯ ಮೇಲೆ ಕೆಳಗೆ ತೂಗುತ್ತದೆ, ಅದು ಲೆಕ್ಕಕ್ಕಿಲ್ಲ. ಕವಾಟವೊಂದೇ ಅದುರಿದರೆ ಅದೂ ಇಲ್ಲ. ನಿಂತ ಕೋಣೆಯಲ್ಲಿ ರಕ್ತ ಊದುಬತ್ತಿಯ ಹೊಗೆಯ ಹಾಗೆ ಸುಳಿಸುಳಿಯಾಗಿ ಮೆಲ್ಲಗೆ ತಿರುಗುತ್ತಿರುತ್ತದೆ. ಎಷ್ಟು ಚೆಲುವಾಗಿದ್ದರೂ ಅದನ್ನೂ ಬಿಡಬೇಕು. ಸ್ನಾಯು ತಾನೇ ಬಿಗಿಯಬೇಕು. ಅಮೆರಿಕ, ಕೆನಡಾಗಳ 20 ಆಸ್ಪತ್ರೆಗಳಲ್ಲಿ 793 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ‘ರೀಸನ್’ ಅಧ್ಯಯನ ಇದೇ ಅಳತೆಗೋಲನ್ನು ಹಿಡಿಯಿತು. ಅಲುಗಾಟ ಕಂಡವರಲ್ಲಿ ಶೇಕಡಾ 3.8 ಮಂದಿ ಬದುಕಿ ಮನೆಗೆ ಹೋದರು, ಕಾಣದವರಲ್ಲಿ 0.6. ಎರಡೂ ಸಣ್ಣ ಅಂಕಿಗಳೇ. ಆದರೆ ಎರಡನೆಯದು ಸೊನ್ನೆಯಲ್ಲ. ಅದಕ್ಕೇ ಚಿತ್ರವೊಂದನ್ನೇ ನೆಚ್ಚಿ ಯಾರನ್ನೂ ಕೈಬಿಡುವುದಿಲ್ಲ. ಒಮ್ಮೊಮ್ಮೆ ಮಾನಿಟರಿನಲ್ಲಿ ನೆಟ್ಟಗೆ ತೋರುವ ಗೆರೆಯ ಹಿಂದೆ ಸ್ನಾಯು ಸಣ್ಣಗೆ ನಡುಗುತ್ತಿರುವುದು ಎಕೋದಲ್ಲಿ ಸಿಕ್ಕಿಬೀಳುತ್ತದೆ. ಆಗ ಶಾಕ್ ಕೊಡುವ ದಾರಿ ತೆರೆಯುತ್ತದೆ.

ಎದೆಮೂಳೆಯ ಅಡಿಯ ಈ ನೋಟಕ್ಕಿಂತ ಅನ್ನನಾಳದ ಎಕೋ ಮಿಗಿಲು ಎನ್ನುವವರಿದ್ದಾರೆ. ಹೃದಯದ ಬೆನ್ನಿಗೇ ಒರಗಿ ಕೂತ ಪ್ರೋಬ್ ಒತ್ತುವಾಗಲೂ ಚಿತ್ರ ಕೊಡುತ್ತದೆ. ಒತ್ತಡ ಎಡ ಹೃತ್ಕುಕ್ಷಿಯ ಮೇಲೆ ಬೀಳುತ್ತಿದೆಯೋ, ಮಹಾಪಧಮನಿಯ ಬುಡವನ್ನು ಅಮುಕಿ ರಕ್ತದ ದಾರಿಯನ್ನೇ ಕಟ್ಟುತ್ತಿದೆಯೋ ಎಂದು ಕಣ್ಣಾರೆ ಕಂಡು ಅಂಗೈಯ ಜಾಗ ಬದಲಿಸಬಹುದು. ಚಿತ್ರದ ಸ್ಪಷ್ಟತೆಗೆ ನಾನೂ ತಲೆಬಾಗುತ್ತೇನೆ. ನನ್ನ ಒಲವು ಮಾತ್ರ ಆ ಮೆತ್ತನೆಯ ತಗ್ಗಿಗೇ.

ಎಕೋದ ಮೂಲ ಸ್ವೀಡನ್ನಿನಲ್ಲಿದೆ. ಲುಂಡ್ ಊರಿನ ವೈದ್ಯ ಇಂಗೆ ಎಡ್ಲರ್, ಭೌತವಿಜ್ಞಾನಿ ಕಾರ್ಲ್ ಹೆಲ್‌ಮುತ್ ಹರ್ಟ್ಸ್ ಕೂಡಿ, ಲೋಹದೊಳಗಿನ ಬಿರುಕು ಹುಡುಕುವ ಯಂತ್ರವೊಂದನ್ನು ಮಾಲ್ಮೋ ಹಡಗುಕಟ್ಟೆಯಲ್ಲಿ ಪರೀಕ್ಷಿಸಿ ನೋಡಿದರು. 1953ರ ಅಕ್ಟೋಬರಿನಲ್ಲಿ ಹೃದಯದ ಮರುದನಿಯನ್ನು ಮೊದಲ ಬಾರಿಗೆ ದಾಖಲಿಸಿದರು. ಆಗ ಚಿತ್ರವೆಂದರೆ ಏರಿಳಿಯುವ ಗೆರೆಗಳಷ್ಟೇ. ಅವುಗಳಲ್ಲೊಂದನ್ನು ಎಡ ಹೃತ್ಕರ್ಣದ ಗೋಡೆಯೆಂದೇ ಎಡ್ಲರ್ ಬಹುಕಾಲ ನಂಬಿದ್ದರು. ಅದು ಮೈಟ್ರಲ್ ಕವಾಟದ ಹಾಳೆ ಎಂದು ಆಮೇಲೆ ತಿಳಿಯಿತು. ಜಗತ್ತಿನ ಅತಿ ಸುಂದರ ಚಲನೆಗಳಲ್ಲೊಂದನ್ನು ಹೆಸರು ತಿಳಿಯದೆಯೇ ಮೊದಲು ಕಂಡವರು ಅವರು.

ನೀವೂ ಇದನ್ನು ಕಾಣಬೇಕೆಂದು ನನ್ನ ಆಸೆ. ಅದಕ್ಕೆ ಯಾರ ಹೃದಯವೂ ನಿಲ್ಲಬೇಕಿಲ್ಲ. ನಿಮಗೋ ಮನೆಯ ಹಿರಿಯರಿಗೋ ಮುಂದೆಂದಾದರೂ ಎಕೋ ಮಾಡಿಸುವಾಗ, ಪರದೆಯನ್ನು ಒಂದು ನಿಮಿಷ ಈ ಕಡೆ ತಿರುಗಿಸಿ ಎಂದು ವೈದ್ಯರನ್ನು ಕೇಳಿ. ಎಡಗೋಡೆ ಒಳಗೆ ಸರಿಯುತ್ತಾ ದಪ್ಪವಾಗುವುದನ್ನು ನೋಡಿ. ಮೈಟ್ರಲ್ ಕವಾಟ ಪ್ರತಿ ಬಡಿತಕ್ಕೂ ಎರಡು ಸಲ ತೆರೆಯುತ್ತದೆ, ಮೊದಲು ಅಗಲವಾಗಿ, ಆಮೇಲೆ ತುಸುವೇ. ಆ ಎರಡನೆಯದನ್ನು ತಪ್ಪಿಸಿಕೊಳ್ಳಬೇಡಿ.